ಹಾಂಗ್‌ಕಾಂಗ್‌ನ ಇಬ್ಬರು ಚಿಕ್ಕಪ್ಪಂದಿರು: ಒಂದು ಸಿನಿಮಾ, ಅದರ ಹಿಂದಿನ ನೂರೈವತ್ತು ವರ್ಷ

ಪಾಕ್‌ಗೆ ಎಪ್ಪತ್ತು ವರ್ಷ. ಹಾಂಗ್‌ಕಾಂಗ್‌ನಲ್ಲಿ ಟ್ಯಾಕ್ಸಿ ಓಡಿಸುತ್ತಾನೆ. ಹೆಂಡತಿ ಇದ್ದಾಳೆ, ಮಗನಿಗೆ ಮದುವೆಯಾಗಿದೆ, ಮೊಮ್ಮಗಳಿದ್ದಾಳೆ, ಮಗಳ ಮದುವೆ ಹತ್ತಿರ ಬಂದಿದೆ. ಸ್ಟೇರಿಂಗ್ ಬಿಟ್ಟು ಮನೆಯಲ್ಲಿ ಕೂರು ಎಂದು ಎಲ್ಲರೂ ಹೇಳುತ್ತಾರೆ, ಅವನಿಗೆ ಮನಸ್ಸಿಲ್ಲ.

ಹೋಯ್‌ಗೆ ಅರವತ್ತೈದು. ನಿವೃತ್ತ. ಹೆಂಡತಿಯಿಂದ ದೂರವಾಗಿ ಬಹಳ ವರ್ಷವಾಗಿದೆ. ಒಬ್ಬನೇ ನಿಂತು ಮಗನನ್ನು ಸಾಕಿದ್ದಾನೆ. ಈಗ ಮಗ, ಸೊಸೆ, ಮೊಮ್ಮಗಳ ಜೊತೆ ಚಿಕ್ಕ ಫ್ಲ್ಯಾಟಿನಲ್ಲಿ ವಾಸ. ಮಗ ದೈವಭಕ್ತ ಕ್ರಿಶ್ಚಿಯನ್.

ಇಬ್ಬರೂ ಒಂದು ಪಾರ್ಕಿನಲ್ಲಿ ಸಿಗುತ್ತಾರೆ. ಮೊದಲು ನೋಟ, ಆಮೇಲೆ ನಾಲ್ಕು ಮಾತು, ಆಮೇಲೆ ಸ್ನೇಹ. ದಿನ ಕಳೆದಂತೆ ಇಬ್ಬರಿಗೂ ಅರ್ಥವಾಗುತ್ತದೆ, ಇದು ಪ್ರೀತಿ ಎಂದು. ಈ ವಯಸ್ಸಿನಲ್ಲಿ, ಈ ಸಂಸಾರದ ನಡುವೆ, ಒಬ್ಬ ಗಂಡಸಿಗೆ ಇನ್ನೊಬ್ಬ ಗಂಡಸಿನ ಮೇಲೆ.

ಇದು 2019ರಲ್ಲಿ ಬಂದ ಹಾಂಗ್‌ಕಾಂಗ್ ಸಿನಿಮಾ ‘ಸುಕ್ ಸುಕ್’ನ ಕಥೆ. ನಿರ್ದೇಶಕ ರೇ ಯೆಂಗ್. ಹೊರದೇಶಗಳಲ್ಲಿ ‘ಟ್ವಿಲೈಟ್ಸ್ ಕಿಸ್’ ಎಂಬ ಹೆಸರಲ್ಲೂ ಬಿಡುಗಡೆಯಾಯಿತು. ಒಂದೂವರೆ ಗಂಟೆಯ ಸಿನಿಮಾ. ಹೊಡೆದಾಟವಿಲ್ಲ, ಹಾಡಿಲ್ಲ, ಉದ್ದುದ್ದ ಡೈಲಾಗ್ ಇಲ್ಲ. ಇಬ್ಬರು ಮುದುಕರು ಪಕ್ಕಪಕ್ಕ ಕೂತು ಊಟ ಮಾಡುವುದನ್ನು ತೋರಿಸುತ್ತಾರೆ, ಅಷ್ಟಕ್ಕೇ ನೋಡುವವರ ಗಂಟಲು ಕಟ್ಟುತ್ತದೆ.

ಈ ಲೇಖನ ಸಿನಿಮಾ ವಿಮರ್ಶೆ ಅಲ್ಲ. ಪಾಕ್ ಮತ್ತು ಹೋಯ್ ಯಾಕೆ ಇಷ್ಟು ವರ್ಷ ಮುಚ್ಚಿಟ್ಟು ಬದುಕಿದರು? ಇಬ್ಬರೂ ಯಾಕೆ ಮದುವೆಯಾದರು? ಉತ್ತರ ಹುಡುಕಲು ಹೋದರೆ ಸಿನಿಮಾದ ಆಚೆಗೆ ಒಂದು ಇತಿಹಾಸ ಸಿಗುತ್ತದೆ. ಅದರ ಒಂದು ತುದಿ ನಮ್ಮ ದೇಶಕ್ಕೂ ಅಂಟಿಕೊಂಡಿದೆ.

ಹೆಸರಿನಲ್ಲೇ ಇದೆ ಕಥೆ

‘ಸುಕ್ ಸುಕ್’ ಎಂದರೆ ಹಾಂಗ್‌ಕಾಂಗ್‌ನ ಜನ ಆಡುವ ಕ್ಯಾಂಟನೀಸ್ ಭಾಷೆಯಲ್ಲಿ ಚಿಕ್ಕಪ್ಪ. ಅಪ್ಪನ ತಮ್ಮ. ನಾವು ಉತ್ತರ ಕರ್ನಾಟಕದ ಕಡೆ ಕಾಕಾ ಅನ್ನುತ್ತೇವಲ್ಲ, ಹಾಗೆ. ನಮ್ಮಲ್ಲಿ ಮಕ್ಕಳು ಗುರುತಿಲ್ಲದ ಹಿರಿಯರನ್ನೂ ಮಾಮಾ, ಕಾಕಾ ಎಂದು ಕೂಗುವ ಹಾಗೆ ಅಲ್ಲಿಯೂ ನಡುವಯಸ್ಸು ದಾಟಿದ ಯಾರನ್ನಾದರೂ ಸುಕ್ ಸುಕ್ ಎನ್ನುತ್ತಾರೆ.

ನಿರ್ದೇಶಕರು ಬೇಕೆಂದೇ ಈ ಹೆಸರಿಟ್ಟ ಹಾಗಿದೆ. ಸಲಿಂಗಿ ಅಂದರೆ ನಮ್ಮ ಕಣ್ಣ ಮುಂದೆ ಬರುವುದು ದೊಡ್ಡ ಊರಿನ, ಇಂಗ್ಲಿಷ್ ಮಾತಾಡುವ, ಬಣ್ಣದ ಬಾವುಟ ಹಿಡಿದ ಹುಡುಗರು. ಆದರೆ ಅವರು ಓಣಿಯ ಚಿಕ್ಕಪ್ಪನೂ ಆಗಿರಬಹುದು. ಟ್ಯಾಕ್ಸಿ ಓಡಿಸುವ, ಮೊಮ್ಮಗಳನ್ನು ಶಾಲೆಯಿಂದ ಕರೆತರುವ, ಮದುವೆಮನೆಯಲ್ಲಿ ಎಲ್ಲರಿಗಿಂತ ಮುಂಚೆ ಓಡಾಡುವ ಚಿಕ್ಕಪ್ಪ. ನಾವು ಅವರನ್ನು ಆ ದೃಷ್ಟಿಯಿಂದ ನೋಡಿಲ್ಲ, ಅಷ್ಟೇ.

ಪುಸ್ತಕದಿಂದ ಬಂದ ಸಿನಿಮಾ

ಈ ಕಥೆ ನಿರ್ದೇಶಕರ ತಲೆಯಿಂದ ಮಾತ್ರ ಬಂದದ್ದಲ್ಲ. ಹಾಂಗ್‌ಕಾಂಗ್ ವಿಶ್ವವಿದ್ಯಾಲಯದಲ್ಲಿ ಟ್ರಾವಿಸ್ ಕಾಂಗ್ ಎಂಬ ಸಮಾಜಶಾಸ್ತ್ರದ ಪ್ರಾಧ್ಯಾಪಕರಿದ್ದಾರೆ. ಅವರು ಅರವತ್ತು ದಾಟಿದ ಸಲಿಂಗಿ ಪುರುಷರನ್ನು ಹುಡುಕಿ, ಕೂರಿಸಿಕೊಂಡು, ಅವರ ಬದುಕನ್ನು ಅವರ ಬಾಯಿಂದಲೇ ಕೇಳಿ ದಾಖಲಿಸಿದರು. 2014ರಲ್ಲಿ ಅದು ಚೀನೀ ಭಾಷೆಯಲ್ಲಿ ಪುಸ್ತಕವಾಯಿತು. 2019ರಲ್ಲಿ ಇಂಗ್ಲಿಷಿನಲ್ಲೂ ಬಂತು.

ಇದನ್ನು ಮೌಖಿಕ ಇತಿಹಾಸ ಎನ್ನುತ್ತಾರೆ. ರಾಜರ ಶಾಸನ, ಸರ್ಕಾರದ ಕಡತಗಳಲ್ಲಿ ಸಿಗದ ಜನರ ಇತಿಹಾಸವನ್ನು ಹೀಗೆಯೇ ಬರೆಯಬೇಕು. ಸಲಿಂಗಿಗಳ ವಿಷಯದಲ್ಲಿ ಇದು ಇನ್ನೂ ನಿಜ. ಕಡತಗಳಲ್ಲಿ ಅವರ ಹೆಸರು ಬರುವುದು ಪೊಲೀಸರು ಹಿಡಿದಾಗ ಮಾತ್ರ. ಸಿಕ್ಕಿಬೀಳದೆ ಎಪ್ಪತ್ತು ವರ್ಷ ಬದುಕಿದವರು ಯಾವ ದಾಖಲೆಯಲ್ಲೂ ಇರುವುದಿಲ್ಲ.

ರೇ ಯೆಂಗ್ ಈ ಪುಸ್ತಕ ಓದಿದರು. ಆ ಹಿರಿಯರಲ್ಲಿ ಕೆಲವರನ್ನು ಭೇಟಿಯಾದರು. ಪಾಕ್, ಹೋಯ್ ಪಾತ್ರಗಳು ಹುಟ್ಟಿದ್ದು ಹಾಗೆ. ಸಿನಿಮಾದಲ್ಲಿ ಕಾಣುವ ಇಕ್ಕಟ್ಟಾದ ಮನೆ, ಹಿರಿಯರು ಗುಟ್ಟಾಗಿ ಸೇರುವ ಸ್ನಾನಗೃಹ, ಅಲ್ಲೇ ಒಟ್ಟಿಗೆ ಕೂತು ಮಾಡುವ ಊಟ, ಇವು ನೋಡುವವರಿಗೆ ಕಟ್ಟುಕಥೆ ಅನ್ನಿಸದೇ ಇರುವುದಕ್ಕೆ ಇದೇ ಕಾರಣ.

ಹಳೆಯ ಚೀನಾದಲ್ಲಿ ಕತ್ತರಿಸಿದ ತೋಳು

‘ಇದೆಲ್ಲ ಪಾಶ್ಚಾತ್ಯರ ರೋಗ, ನಮ್ಮಲ್ಲಿ ಇರಲಿಲ್ಲ’ ಎಂಬ ಮಾತು ನಮ್ಮ ಕಟ್ಟೆಗಳಲ್ಲಿ ಕೇಳಿಬರುತ್ತದೆ. ಹಾಂಗ್‌ಕಾಂಗ್‌ನಲ್ಲೂ ಇದೇ ಮಾತು ನಡೆಯುತ್ತಿತ್ತು. ಆದರೆ ಚೀನಾದ ಇತಿಹಾಸ ಬೇರೆ ಹೇಳುತ್ತದೆ.

ಕ್ರಿಸ್ತಪೂರ್ವ 7ರಿಂದ 1ರವರೆಗೆ ಆಳಿದ ಹಾನ್ ವಂಶದ ಆಯ್ ಎಂಬ ಚಕ್ರವರ್ತಿಗೆ ದೋಂಗ್ ಶಿಯಾನ್ ಎಂಬ ಯುವಕನ ಮೇಲೆ ಪ್ರೀತಿ. ಒಂದು ದಿನ ಮಧ್ಯಾಹ್ನ ಇಬ್ಬರೂ ಮಲಗಿದ್ದಾರೆ. ಚಕ್ರವರ್ತಿಗೆ ಎಚ್ಚರವಾಯಿತು. ಅವನ ಉದ್ದ ತೋಳಿನ ಅಂಗಿಯ ಮೇಲೆ ದೋಂಗ್ ಶಿಯಾನ್ ಮಲಗಿಬಿಟ್ಟಿದ್ದಾನೆ. ಎಳೆದರೆ ಅವನ ನಿದ್ದೆ ಕೆಡುತ್ತದೆ. ಚಕ್ರವರ್ತಿ ಅಂಗಿಯ ತೋಳನ್ನೇ ಕತ್ತರಿಸಿ ಸದ್ದಿಲ್ಲದೆ ಎದ್ದುಹೋದ.

ಈ ಪ್ರಸಂಗ ಹಾನ್ ವಂಶದ ಅಧಿಕೃತ ಇತಿಹಾಸ ಗ್ರಂಥದಲ್ಲೇ ದಾಖಲಾಗಿದೆ. ಅಂದಿನಿಂದ ಚೀನೀ ಭಾಷೆಯಲ್ಲಿ ಗಂಡಸರ ನಡುವಿನ ಪ್ರೀತಿಗೆ ‘ಕತ್ತರಿಸಿದ ತೋಳು’ ಎಂಬ ಮಾತೇ ಹುಟ್ಟಿಕೊಂಡಿತು. ರೇ ಯೆಂಗ್ ತಮ್ಮ ಮೊದಲ ದೊಡ್ಡ ಸಿನಿಮಾಕ್ಕೆ ಇಟ್ಟ ಹೆಸರಿನಲ್ಲೂ ಈ ಮಾತಿದೆ. ಅದು ‘ಕಟ್ ಸ್ಲೀವ್ ಬಾಯ್ಸ್’.

ಹಾಗೆಂದು ಹಳೆಯ ಚೀನಾ ಸಲಿಂಗಿಗಳ ಸ್ವರ್ಗವಾಗಿತ್ತು ಎಂದೇನಲ್ಲ. ಮನೆತನ ಮುಂದುವರಿಯಬೇಕು, ಮಗ ಹುಟ್ಟಬೇಕು, ಹಿರಿಯರ ಪೂಜೆ ನಡೆಯಬೇಕು. ಆ ಕರ್ತವ್ಯದಿಂದ ಯಾವ ಗಂಡಸಿಗೂ ಬಿಡುಗಡೆ ಇರಲಿಲ್ಲ. ಕಾನೂನು ಕೂಡ ಕಾಲಕ್ಕೆ ತಕ್ಕಂತೆ ಬದಲಾಯಿತು, ಚಿಂಗ್ ವಂಶದ ಕಾಲದಲ್ಲಿ ಬಿಗಿಯಾಯಿತು. ಆದರೂ ಆ ಪ್ರೀತಿಗೆ ಒಂದು ಹೆಸರಿತ್ತು, ಒಂದು ಕಥೆಯಿತ್ತು. ಜೀವಾವಧಿ ಶಿಕ್ಷೆಯ ಕಾನೂನು ಹಾಂಗ್‌ಕಾಂಗ್‌ಗೆ ಬಂದದ್ದು ಹಡಗಿನಲ್ಲಿ, ಬ್ರಿಟನ್ನಿನಿಂದ.

ಅಫೀಮಿನ ಹಿಂದೆ ಬಂದ ಕಾನೂನು

ಬ್ರಿಟಿಷರು ಭಾರತದಲ್ಲಿ ಬೆಳೆದ ಅಫೀಮನ್ನು ಚೀನಾಕ್ಕೆ ಮಾರುತ್ತಿದ್ದರು. ಚೀನಾ ತಡೆಯಲು ಹೋದಾಗ ಯುದ್ಧವಾಯಿತು. ಸೋತ ಚೀನಾ 1842ರ ನಾನ್‌ಕಿಂಗ್ ಒಪ್ಪಂದದಲ್ಲಿ ಹಾಂಗ್‌ಕಾಂಗ್ ದ್ವೀಪವನ್ನು ಬಿಟ್ಟುಕೊಟ್ಟಿತು. ಬ್ರಿಟಿಷರ ಜೊತೆ ಅವರ ಕಾನೂನೂ ಬಂತು.

1861ರಲ್ಲಿ ಇಂಗ್ಲೆಂಡಿನಲ್ಲಿ ವ್ಯಕ್ತಿಗಳ ಮೇಲಿನ ಅಪರಾಧಗಳ ಕಾಯ್ದೆ ಬಂತು. ಗಂಡಸರ ನಡುವಿನ ಲೈಂಗಿಕ ಸಂಬಂಧಕ್ಕೆ ಅದುವರೆಗೆ ಅಲ್ಲಿ ಮರಣದಂಡನೆ ಇತ್ತು. ಹೊಸ ಕಾಯ್ದೆ ಅದನ್ನು ಜೀವಾವಧಿಗೆ ಇಳಿಸಿತು. 1865ರಲ್ಲಿ ಅದರದೇ ಮಾದರಿಯ ಕಾನೂನು ಹಾಂಗ್‌ಕಾಂಗ್‌ನಲ್ಲಿ ಜಾರಿಯಾಯಿತು. 1901ರಲ್ಲಿ ಇನ್ನೊಂದು ಕಲಂ ಸೇರಿಸಿದರು. ಗಂಡಸರ ನಡುವಿನ ಯಾವುದೇ ‘ಅಸಭ್ಯ ವರ್ತನೆ’ಯೂ ಅಪರಾಧವಾಯಿತು. ನಾಲ್ಕು ಗೋಡೆಗಳ ನಡುವೆ, ಇಬ್ಬರೂ ಒಪ್ಪಿ ನಡೆದದ್ದಾದರೂ ಅಷ್ಟೇ.

ನಮ್ಮ ಕಥೆ ಇದರ ಪಕ್ಕದ್ದೇ. ಮೆಕಾಲೆಯ ಕರಡಿನಿಂದ ಬೆಳೆದ ಭಾರತೀಯ ದಂಡ ಸಂಹಿತೆ 1860ರಲ್ಲಿ ಅಂಗೀಕಾರವಾಗಿ 1862ರಲ್ಲಿ ಜಾರಿಗೆ ಬಂತು. ಅದರ 377ನೇ ಕಲಂ ‘ಪ್ರಕೃತಿಗೆ ವಿರುದ್ಧವಾದ’ ಸಂಭೋಗಕ್ಕೆ ಜೀವಾವಧಿಯವರೆಗೆ ಶಿಕ್ಷೆ ಇಟ್ಟಿತು. ಅಂದರೆ ಕೆಲವೇ ವರ್ಷಗಳ ಅಂತರದಲ್ಲಿ ಬೆಂಗಳೂರಿನ ದಂಡಿನಲ್ಲೂ ಹಾಂಗ್‌ಕಾಂಗ್‌ನ ಬಂದರಿನಲ್ಲೂ ಒಂದೇ ಒಡೆಯ, ಹೆಚ್ಚುಕಡಿಮೆ ಒಂದೇ ಕಾನೂನು.

ತಮಾಷೆಯ ವಿಷಯ ಏನೆಂದರೆ, ತಂದವರು ಬಿಟ್ಟರೂ ಇಟ್ಟುಕೊಂಡವರು ಬಿಡಲಿಲ್ಲ. ಇಂಗ್ಲೆಂಡ್ ತನ್ನ ಕಾನೂನನ್ನು 1967ರಲ್ಲಿ ಸಡಿಲಿಸಿತು. 21 ದಾಟಿದ ಇಬ್ಬರು ಗಂಡಸರು ಖಾಸಗಿಯಾಗಿ ಒಟ್ಟಿಗಿದ್ದರೆ ಅಪರಾಧವಲ್ಲ ಎಂದಿತು. ಆದರೆ ಆ ಸಡಿಲಿಕೆ ತನ್ನ ವಸಾಹತು ಹಾಂಗ್‌ಕಾಂಗ್‌ಗೆ ಬರಲಿಲ್ಲ. ಮುಂದೆ ಬದಲಾವಣೆಯ ಮಾತು ಬಂದಾಗ ಹಾಂಗ್‌ಕಾಂಗ್‌ನ ಅನೇಕ ಸಂಘಟನೆಗಳು ‘ಇದು ಚೀನೀ ಸಂಸ್ಕೃತಿಗೆ ವಿರುದ್ಧ’ ಎಂದು ವಿರೋಧಿಸಿದವು. ಬ್ರಿಟಿಷರ ಕಾನೂನನ್ನು ಉಳಿಸಿಕೊಳ್ಳಲು ಚೀನೀ ಸಂಸ್ಕೃತಿಯ ಹೆಸರು!

ಐದು ಗುಂಡಿನ ಗಾಯ

ಕಾನೂನು ಪುಸ್ತಕದಲ್ಲಿ ಮಲಗಿದ್ದರೂ ಅದರ ಹೆದರಿಕೆ ಎಚ್ಚರವಾಗಿಯೇ ಇರುತ್ತದೆ. 1970ರ ದಶಕದ ಕೊನೆಯಲ್ಲಿ ಹಾಂಗ್‌ಕಾಂಗ್ ಪೊಲೀಸರು ಸಲಿಂಗಿಗಳ ತನಿಖೆಗೆಂದೇ ಒಂದು ವಿಶೇಷ ದಳ ಮಾಡಿದರು. ಅದರ ಕಣ್ಣು ಪೊಲೀಸ್ ಇಲಾಖೆಯವರ ಮೇಲೂ ಬಿತ್ತು.

ಜಾನ್ ಮೆಕ್‌ಲೆನ್ನನ್ ಸ್ಕಾಟ್ಲೆಂಡಿನವನು, ಹಾಂಗ್‌ಕಾಂಗ್ ಪೊಲೀಸ್ ಇನ್‌ಸ್ಪೆಕ್ಟರ್. 1980ರ ಜನವರಿ 15ರಂದು ಅಸಭ್ಯ ವರ್ತನೆಯ ಆರೋಪದಲ್ಲಿ ಅವನನ್ನು ಬಂಧಿಸಬೇಕಿತ್ತು. ಬಂಧಿಸಲು ಹೋದವರಿಗೆ ಒಳಗಿನಿಂದ ಬೀಗ ಹಾಕಿದ್ದ ಮನೆಯಲ್ಲಿ ಅವನ ಹೆಣ ಸಿಕ್ಕಿತು. ಮೈಮೇಲೆ ಐದು ಗುಂಡಿನ ಗಾಯ.

ಒಬ್ಬ ಮನುಷ್ಯ ತನಗೆ ತಾನೇ ಐದು ಸಲ ಗುಂಡು ಹೊಡೆದುಕೊಳ್ಳಲು ಸಾಧ್ಯವೇ? ಊರೆಲ್ಲ ಇದೇ ಪ್ರಶ್ನೆ. ಸಾವಿನ ವಿಚಾರಣೆ ನಡೆಸಿದ ಜ್ಯೂರಿ ಖಚಿತ ತೀರ್ಮಾನಕ್ಕೆ ಬರಲಿಲ್ಲ. ಪತ್ರಿಕೆಗಳು ಬಿಡಲಿಲ್ಲ. ಕೊನೆಗೆ ಸರ್ಕಾರ ನ್ಯಾಯಮೂರ್ತಿ ಟಿ.ಎಲ್. ಯಾಂಗ್ ಅವರ ವಿಚಾರಣಾ ಆಯೋಗ ನೇಮಿಸಬೇಕಾಯಿತು. 1981ರಲ್ಲಿ ಬಂದ ವರದಿ ಆತ್ಮಹತ್ಯೆ ಎಂದಿತು. ಎಲ್ಲರೂ ನಂಬಲಿಲ್ಲ.

ಏನೇ ಆಗಿರಲಿ, ಅದುವರೆಗೆ ಯಾರೂ ಬಾಯಿಬಿಟ್ಟು ಹೇಳದಿದ್ದ ವಿಷಯ ಪತ್ರಿಕೆಯ ಮುಖಪುಟಕ್ಕೆ ಬಂತು. 1983ರಲ್ಲಿ ಹಾಂಗ್‌ಕಾಂಗ್‌ನ ಕಾನೂನು ಸುಧಾರಣಾ ಆಯೋಗ, ವಯಸ್ಕ ಗಂಡಸರು ಒಪ್ಪಿ ಖಾಸಗಿಯಾಗಿ ಇರುವುದನ್ನು ಅಪರಾಧ ಎನ್ನಬಾರದು ಎಂದು ಶಿಫಾರಸು ಮಾಡಿತು. ವಿರೋಧ ಜೋರಾಗಿತ್ತು, ಸರ್ಕಾರ ವರ್ಷಗಟ್ಟಲೆ ಮುಂದೆ ಹಾಕಿತು. 1991ರಲ್ಲಿ, ಮೂಲಭೂತ ಹಕ್ಕುಗಳ ಕಾಯ್ದೆ ಬಂದ ವರ್ಷವೇ, ಆ ಕಾನೂನು ಬದಲಾಯಿತು. ಆಗಲೂ ಒಂದು ಭೇದ ಉಳಿಯಿತು. ಗಂಡು–ಹೆಣ್ಣಿನ ವಿಷಯದಲ್ಲಿ ಒಪ್ಪಿಗೆಯ ವಯಸ್ಸು 16, ಗಂಡಸರ ನಡುವೆ ಆದರೆ 21. ಒಬ್ಬ ಯುವಕ ನ್ಯಾಯಾಲಯಕ್ಕೆ ಹೋಗಿ 2005ರಲ್ಲಿ ಗೆದ್ದ. ಮರುವರ್ಷ ಮೇಲ್ಮನವಿ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು.

ಈ ನಡುವೆ ಜನ ತಮಗೊಂದು ಹೊಸ ಹೆಸರನ್ನೂ ಕಂಡುಕೊಂಡಿದ್ದರು. 1989ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಸಲಿಂಗಿ ಸಿನಿಮಾಗಳ ಉತ್ಸವ ಮಾಡಿದ ನಾಟಕಕಾರ ಎಡ್ವರ್ಡ್ ಲ್ಯಾಮ್ ‘ತೋಂಗ್‌ಝಿ’ ಎಂಬ ಪದ ಬಳಸಿದರು. ಕಮ್ಯುನಿಸ್ಟರು ಒಬ್ಬರನ್ನೊಬ್ಬರು ಕಾಮ್ರೇಡ್ ಎನ್ನಲು ಬಳಸುವ ಪದ ಅದು. ಒಂದೇ ದಾರಿಯ ಸಂಗಾತಿ ಎಂಬ ಭಾವ. ಇಂದು ಚೀನೀ ಮಾತಾಡುವ ಕಡೆಯೆಲ್ಲ ಸಲಿಂಗಿಗಳಿಗೆ ಅದೇ ಹೆಸರು.

ಈಗ ವಯಸ್ಸು ಲೆಕ್ಕ ಹಾಕಿ

ಇಷ್ಟೆಲ್ಲ ಇಸವಿ ಹೇಳಿದ್ದು ಒಂದು ಲೆಕ್ಕಕ್ಕಾಗಿ.

2019ರಲ್ಲಿ ಎಪ್ಪತ್ತು ಎಂದರೆ ಪಾಕ್ ಹುಟ್ಟಿದ್ದು 1949ರ ಸುಮಾರಿಗೆ. ಕಾನೂನು ಬದಲಾದ 1991ರಲ್ಲಿ ಅವನಿಗೆ 42. ಹೋಯ್‌ಗೆ 37. ಇಬ್ಬರ ಹದಿಹರೆಯ, ಯೌವನ, ಮದುವೆಯ ವಯಸ್ಸು ಎಲ್ಲವೂ ಜೀವಾವಧಿ ಶಿಕ್ಷೆಯ ಕಾನೂನಿನ ನೆರಳಲ್ಲೇ ಕಳೆದವು. ಕಾನೂನು ಬದಲಾಗುವ ಹೊತ್ತಿಗೆ ಇಬ್ಬರ ಸಂಸಾರವೂ ಬೆಳೆದುಬಿಟ್ಟಿತ್ತು.

ಕಾನೂನು ಒಂದೇ ಕಾರಣವಲ್ಲ. ಬಡತನವೂ ಇತ್ತು. ಯುದ್ಧ, ಕ್ರಾಂತಿ, ಹಸಿವಿನಿಂದ ತಪ್ಪಿಸಿಕೊಂಡು ಚೀನಾದಿಂದ ಲಕ್ಷಾಂತರ ಜನ ಹಾಂಗ್‌ಕಾಂಗ್‌ಗೆ ಬಂದ ಕಾಲ ಅದು. ಒಂದೊಂದು ಕೋಣೆಯಲ್ಲಿ ಇಡೀ ಕುಟುಂಬ. ನನ್ನ ಇಷ್ಟ, ನನ್ನ ಬದುಕು ಎನ್ನಲು ಬೇರೆ ಕೋಣೆಯೇ ಇರಲಿಲ್ಲ. ದುಡಿಯಬೇಕು, ಮದುವೆಯಾಗಬೇಕು, ಮಕ್ಕಳನ್ನು ಓದಿಸಬೇಕು. ಪಾಕ್ ಅದನ್ನೆಲ್ಲ ಮಾಡಿದ. ಹೋಯ್ ಕೂಡ ಮಾಡಿದ. ಮನೆಯವರಿಗಾಗಿ ಮಾಡಿದ್ದರ ಬಗ್ಗೆ ಇಬ್ಬರಿಗೂ ಹೆಮ್ಮೆಯೇ ಇದೆ. ಸಿನಿಮಾ ಆ ಹೆಮ್ಮೆಯನ್ನು ಗೇಲಿ ಮಾಡುವುದಿಲ್ಲ. ನನಗೆ ಬಹಳ ಇಷ್ಟವಾದದ್ದು ಇದೇ.

‘ಪ್ರೀತಿಗಾಗಿ ಸಂಸಾರ ಬಿಟ್ಟು ಬಾ’ ಎಂದು ಯುವಕರ ಸಿನಿಮಾ ಹೇಳಬಹುದು. ಎಪ್ಪತ್ತರ ಮನುಷ್ಯನಿಗೆ ಬಿಟ್ಟು ಬರಲು ಏನಿದೆ ನೋಡಿ. ನಲವತ್ತು ವರ್ಷ ಜೊತೆಗಿದ್ದ ಹೆಂಡತಿ, ಮದುವೆಗೆ ನಿಂತ ಮಗಳು, ಕೈಹಿಡಿದು ನಡೆಯುವ ಮೊಮ್ಮಗಳು. ಅವನು ಅವರನ್ನೂ ಪ್ರೀತಿಸುತ್ತಾನೆ. ಅದು ಸುಳ್ಳಲ್ಲ. ಹೋಯ್ ಮೇಲಿನ ಪ್ರೀತಿಯೂ ಸುಳ್ಳಲ್ಲ.

ಹೆಂಡತಿಯ ಮೌನ

ಇಂಥ ಕಥೆಗಳಲ್ಲಿ ಹೆಂಡತಿಯನ್ನು ಮರೆಯುವುದು ಸುಲಭ. ‘ಸುಕ್ ಸುಕ್’ ಮರೆತಿಲ್ಲ. ಪಾಕ್‌ನ ಹೆಂಡತಿ ಚಿಂಗ್ ಹೆಚ್ಚು ಮಾತಾಡುವುದಿಲ್ಲ. ಅಡುಗೆ ಮಾಡುತ್ತಾಳೆ, ಖರ್ಚು ನೋಡಿಕೊಳ್ಳುತ್ತಾಳೆ, ಗಂಡನ ಹೊತ್ತುಗೊತ್ತು ಗಮನಿಸುತ್ತಾಳೆ. ಅವಳಿಗೆ ಎಷ್ಟು ಗೊತ್ತು, ಎಷ್ಟು ಗೊತ್ತಿಲ್ಲ ಎಂದು ಸಿನಿಮಾ ಬಿಡಿಸಿ ಹೇಳುವುದಿಲ್ಲ. ಮಗಳ ಮದುವೆಗೆ ಹೋಯ್ ಬರುತ್ತಾನೆ, ಗಂಡನ ‘ಸ್ನೇಹಿತ’ನಾಗಿ. ಆ ಮದುವೆಮನೆಯ ದೃಶ್ಯದಲ್ಲಿ ಅವಳ ಮುಖ ನೋಡಬೇಕು.

ಈ ಹೆಣ್ಣಿಗೂ ಅನ್ಯಾಯವಾಗಿದೆ. ಅವಳು ಮದುವೆಯಾದದ್ದು ಒಬ್ಬ ಒಳ್ಳೆಯ ಮನುಷ್ಯನನ್ನೇ, ಆದರೆ ಅವನ ಮನಸ್ಸಿನ ಒಂದು ಕೋಣೆಗೆ ಅವಳಿಗೆ ಎಂದೂ ಪ್ರವೇಶ ಸಿಗಲಿಲ್ಲ. ಇಬ್ಬರು ಗಂಡಸರು ಪ್ರೀತಿಸಬಾರದು ಎಂದು ಸಮಾಜ ಕಟ್ಟಿದ ಬೇಲಿಯ ಖರ್ಚನ್ನು ಅರ್ಧ ಕಟ್ಟಿದ್ದು ಇಂಥ ಹೆಂಗಸರು. ನಮ್ಮಲ್ಲಿ ‘ಮದುವೆ ಮಾಡಿದರೆ ಎಲ್ಲ ಸರಿಹೋಗುತ್ತದೆ’ ಎನ್ನುವವರು ಚಿಂಗ್ ಪಾತ್ರವನ್ನು ಒಮ್ಮೆ ನೋಡಬೇಕು.

ಆ ಪಾತ್ರ ಮಾಡಿದ ಪಾಟ್ರಾ ಔ 2020ರ ಹಾಂಗ್‌ಕಾಂಗ್ ಚಲನಚಿತ್ರ ಪ್ರಶಸ್ತಿಯಲ್ಲಿ ಅತ್ಯುತ್ತಮ ಪೋಷಕ ನಟಿ ಆದರು. ಪಾಕ್ ಆಗಿ ನಟಿಸಿದ ತಾಯ್ ಬೋ ಅತ್ಯುತ್ತಮ ನಟ. ಈ ತಾಯ್ ಬೋ ಯಾರು ಗೊತ್ತೆ? ಜಾಕಿ ಚಾನ್ ಸಿನಿಮಾ ನೋಡಿದವರು ಇವರನ್ನು ನೋಡಿರುತ್ತೀರಿ. ‘ಪ್ರಾಜೆಕ್ಟ್ ಎ’, ‘ಪೊಲೀಸ್ ಸ್ಟೋರಿ’ಯಂಥ ಸಿನಿಮಾಗಳಲ್ಲಿ ಚಿಕ್ಕಪುಟ್ಟ ಪಾತ್ರ ಮಾಡಿಕೊಂಡು ಬಂದವರು. ಹಲವು ಹಿರಿಯ ನಟರು ಇಂಥ ಪಾತ್ರವೇ ಬೇಡ ಎಂದು ಹಿಂದೆ ಸರಿದಿದ್ದರು. ದಶಕಗಟ್ಟಲೆ ನಾಯಕನ ಹಿಂದೆ ನಿಂತಿದ್ದ ಮನುಷ್ಯ, ಬೇರೆಯವರು ಬಿಟ್ಟ ಬಗೆಯ ಪಾತ್ರದಿಂದ ಮುಂದೆ ಬಂದರು. ಹೋಯ್ ಪಾತ್ರದ ಬೆನ್ ಯುಯೆನ್ ಕೂಡ ಅಷ್ಟೇ ಚೆನ್ನಾಗಿ ಮಾಡಿದ್ದಾರೆ.

ಮುಪ್ಪಿನಲ್ಲಿ ಯಾರು ನೋಡಿಕೊಳ್ಳುತ್ತಾರೆ?

ಸಿನಿಮಾದ ಇನ್ನೊಂದು ಎಳೆ ನನ್ನನ್ನು ಹೆಚ್ಚು ಕಾಡಿತು. ಹೋಯ್‌ನ ಪರಿಚಯದ ಕೆಲವು ಹಿರಿಯ ಸಲಿಂಗಿಗಳು ತಮಗಾಗಿ ಒಂದು ವೃದ್ಧಾಶ್ರಮ ಬೇಕು ಎಂದು ಸರ್ಕಾರವನ್ನು ಕೇಳಲು ಹೊರಡುತ್ತಾರೆ. ಬೇರೆ ವೃದ್ಧಾಶ್ರಮಗಳಿಲ್ಲವೇ? ಇವೆ. ಆದರೆ ಅಲ್ಲಿಗೆ ಹೋದರೆ ಮತ್ತೆ ಮುಚ್ಚಿಡಬೇಕು. ಪಕ್ಕದ ಮಂಚದವರು ಹೆಂಡತಿ ಮಕ್ಕಳ ಬಗ್ಗೆ ಕೇಳುತ್ತಾರೆ. ಸಂಗಾತಿ ನೋಡಲು ಬಂದರೆ ಯಾರು ಎಂದು ಕೇಳುತ್ತಾರೆ. ಜೀವನಪೂರ್ತಿ ಬಚ್ಚಿಟ್ಟು ಸಾಕಾದವರು ಕೊನೆಯ ನಾಲ್ಕು ವರ್ಷವಾದರೂ ಬಿಚ್ಚುಮನಸ್ಸಿನಿಂದ ಇರಬೇಕು ಎನ್ನುತ್ತಾರೆ.

ಆದರೆ ಕೇಳುವುದಕ್ಕೆ ಸಭೆಯಲ್ಲಿ ಎದ್ದು ನಿಂತು ಮುಖ ತೋರಿಸಬೇಕಲ್ಲ! ಟಿವಿಯಲ್ಲಿ ಮಕ್ಕಳು ನೋಡಿದರೆ?  ಹಕ್ಕು ಬೇಕಾದವರೇ ಹಕ್ಕು ಕೇಳಲಾಗದ ಸ್ಥಿತಿ.

ನಾನು ಸುದ್ದಿಗಾಗಿ ತಾಲ್ಲೂಕು ಕಚೇರಿ, ಪಿಂಚಣಿ ಅದಾಲತ್ ಸುತ್ತುವವನು. ಅಲ್ಲಿ ಮುದುಕರಿಗೆ ಕೇಳುವ ಮೊದಲ ಪ್ರಶ್ನೆ ‘ಮನೇಲಿ ಯಾರ್ಯಾರಿದ್ದಾರೆ?’ ಅರ್ಜಿಯಲ್ಲೂ ಅದೇ, ಆಸ್ಪತ್ರೆಯ ಚೀಟಿಯಲ್ಲೂ ಅದೇ, ಬ್ಯಾಂಕಿನ ನಾಮಿನಿ ಕಾಲಂನಲ್ಲೂ ಅದೇ. ಹೆಂಡತಿ, ಮಗ, ಮಗಳು ಎಂದು ಬರೆದವರಿಗೆ ಅದು ಪ್ರಶ್ನೆಯೇ ಅಲ್ಲ. ಇಪ್ಪತ್ತು ವರ್ಷ ಜೊತೆಗಿದ್ದವನನ್ನು ‘ಸ್ನೇಹಿತ’ ಎಂದು ಬರೆಯಬೇಕಾದವನ ಕೈ ಆ ಕಾಲಂ ಮುಂದೆ ನಿಲ್ಲುತ್ತದೆ.

ಮನೆ ಯಾರಿಗೆ ಸೇರಬೇಕು?

ರೇ ಯೆಂಗ್ ಇದೇ ಪ್ರಶ್ನೆಯನ್ನು ಹಿಡಿದು 2024ರಲ್ಲಿ ಇನ್ನೊಂದು ಸಿನಿಮಾ ಮಾಡಿದರು. ಹೆಸರು ‘ಆಲ್ ಶಲ್ ಬಿ ವೆಲ್’. ಈ ಸಲ ಇಬ್ಬರು ಹೆಂಗಸರು, ಆ್ಯಂಜಿ ಮತ್ತು ಪ್ಯಾಟ್. ನಲವತ್ತು ವರ್ಷಕ್ಕೂ ಹೆಚ್ಚು ಒಟ್ಟಿಗೆ ಬಾಳಿದವರು. ಪ್ಯಾಟ್‌ನ ಅಣ್ಣನ ಮನೆಯವರೂ ಅವರನ್ನು ಒಪ್ಪಿಕೊಂಡವರೇ, ಹಬ್ಬಕ್ಕೆ ಬಂದು ಉಂಡು ಹೋಗುವವರೇ. ಒಂದು ರಾತ್ರಿ ಪ್ಯಾಟ್ ತೀರಿಹೋಗುತ್ತಾಳೆ. ಫ್ಲ್ಯಾಟ್ ಇರುವುದು ಅವಳ ಹೆಸರಿನಲ್ಲಿ. ಉಯಿಲು ಇಲ್ಲ. ಅಲ್ಲಿಂದ ಒಳ್ಳೆಯ ನೆಂಟರ ಮುಖ ನಿಧಾನಕ್ಕೆ ಬದಲಾಗುತ್ತದೆ. ಅಂತ್ಯಕ್ರಿಯೆ ಹೇಗೆ ಮಾಡಬೇಕು ಎನ್ನುವುದರಲ್ಲೂ ಆ್ಯಂಜಿಯ ಮಾತು ನಡೆಯುವುದಿಲ್ಲ. ಬರ್ಲಿನ್ ಚಿತ್ರೋತ್ಸವದಲ್ಲಿ ಇದಕ್ಕೆ ಟೆಡ್ಡಿ ಪ್ರಶಸ್ತಿ ಬಂತು.

ಜಮೀನು, ಮನೆ, ಅಣ್ಣತಮ್ಮಂದಿರ ವ್ಯಾಜ್ಯ ನೋಡಿದ ನಮ್ಮ ಓದುಗರಿಗೆ ಈ ಕಥೆ ಬಿಡಿಸಿ ಹೇಳಬೇಕಿಲ್ಲ.

ಹಾಂಗ್‌ಕಾಂಗ್‌ನಲ್ಲಿ ಈ ಜಗಳ ನ್ಯಾಯಾಲಯದಲ್ಲೂ ನಡೆಯಿತು. 2023ರ ಸೆಪ್ಟೆಂಬರ್ 5ರಂದು ಅಲ್ಲಿನ ಅತ್ಯುನ್ನತ ನ್ಯಾಯಾಲಯ, ಸಲಿಂಗ ಮದುವೆ ಸಂವಿಧಾನದ ಹಕ್ಕಲ್ಲ, ಆದರೆ ಇಂಥ ಜೋಡಿಗಳನ್ನು ಗುರುತಿಸಲು ಸರ್ಕಾರ ಎರಡು ವರ್ಷದಲ್ಲಿ ಏನಾದರೊಂದು ವ್ಯವಸ್ಥೆ ಮಾಡಬೇಕು ಎಂದಿತು. 2024ರ ನವೆಂಬರ್‌ನಲ್ಲಿ ಅದೇ ನ್ಯಾಯಾಲಯ, ವಿದೇಶದಲ್ಲಿ ಮದುವೆಯಾಗಿ ಬಂದ ಸಲಿಂಗ ಜೋಡಿಗಳಿಗೆ ಸರ್ಕಾರಿ ವಸತಿ ಮತ್ತು ಆಸ್ತಿ ಉತ್ತರಾಧಿಕಾರದಲ್ಲಿ ಭೇದ ಮಾಡಬಾರದು ಎಂದು ತೀರ್ಪು ಕೊಟ್ಟಿತು. ಆದರೆ 2025ರ ಸೆಪ್ಟೆಂಬರ್ 10ರಂದು, ಜೋಡಿಗಳ ನೋಂದಣಿಗೆ ಸರ್ಕಾರವೇ ತಂದ ಮಸೂದೆಯನ್ನು ಶಾಸನಸಭೆ 71–14 ಮತಗಳಿಂದ ತಿರಸ್ಕರಿಸಿತು.

ಕೋರ್ಟು ಹತ್ತು ಹೆಜ್ಜೆ ಮುಂದೆ, ಸಭೆ ಎಂಟು ಹೆಜ್ಜೆ ಹಿಂದೆ. ಪಾಕ್, ಹೋಯ್ ವಯಸ್ಸಿನವರಿಗೆ ಕಾಯಲು ಹೆಚ್ಚು ವರ್ಷಗಳಿಲ್ಲ.

ನಮ್ಮ ಕಡೆ ಎಲ್ಲಿಗೆ ಬಂದಿದೆ?

ನಮ್ಮ 377ರ ಕಥೆಯೂ ಹೀಗೇ ಹಿಂದೆಮುಂದೆ ಓಲಾಡಿದ್ದು. 2009ರ ಜುಲೈ 2ರಂದು ದೆಹಲಿ ಹೈಕೋರ್ಟ್, ವಯಸ್ಕರು ಒಪ್ಪಿ ಇರುವುದು ಅಪರಾಧವಲ್ಲ ಎಂದಿತು. 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. 2018ರ ಸೆಪ್ಟೆಂಬರ್ 6ರಂದು ಅದೇ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಮತ್ತೆ ಅಪರಾಧವಲ್ಲ ಎಂದಿತು. ಅಂದರೆ ಹಾಂಗ್‌ಕಾಂಗ್‌ಗಿಂತ 27 ವರ್ಷ ತಡ. ಇಂದು ನಮ್ಮಲ್ಲಿ ಎಪ್ಪತ್ತು ದಾಟಿದ ಸಲಿಂಗಿ ಯಾರಾದರೂ ಇದ್ದರೆ, ಅರವತ್ತರ ಸುಮಾರಿನವರೆಗೂ ಅವರು ಕಾನೂನಿನ ಕಣ್ಣಲ್ಲಿ ಅಪರಾಧಿಯೇ.

2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟ್ ಸಲಿಂಗ ಮದುವೆಗೆ ಮಾನ್ಯತೆ ಕೊಡಲು ಒಪ್ಪಲಿಲ್ಲ. ಆದರೆ ಇಂಥ ಜೋಡಿಗಳ ದಿನನಿತ್ಯದ ತೊಂದರೆ ನೋಡಲು ಕೇಂದ್ರ ಸರ್ಕಾರದ ಸಮಿತಿ ಆಯಿತು. ಅದರ ಫಲವಾಗಿ 2024ರಲ್ಲಿ ಕೆಲವು ಸೂಚನೆಗಳು ಹೊರಬಿದ್ದಿವೆ. ಜೊತೆಗೆ ಬಾಳುವ ಸಂಗಾತಿಗಳನ್ನು ರೇಷನ್ ಕಾರ್ಡಿಗೆ ಒಂದೇ ಮನೆಯವರೆಂದು ಪರಿಗಣಿಸಬೇಕು. ಜಂಟಿ ಬ್ಯಾಂಕ್ ಖಾತೆ ತೆರೆಯಲು, ಸಂಗಾತಿಯನ್ನು ನಾಮಿನಿ ಮಾಡಲು ಅಡ್ಡಿಯಿಲ್ಲ. ಹತ್ತಿರದ ಬಂಧುಗಳು ಸಿಗದಿದ್ದಾಗ ಸಂಗಾತಿ ಶವವನ್ನು ಪಡೆಯಬಹುದು. ಇವು ನಮ್ಮ ನ್ಯಾಯಬೆಲೆ ಅಂಗಡಿ, ಸೊಸೈಟಿಯವರೆಗೆ ತಲುಪಬೇಕು. ತಲುಪಿಸುವುದು ನಮ್ಮಂಥ ವರದಿಗಾರರ ಕೆಲಸವೂ ಹೌದು.

ಕನ್ನಡದಲ್ಲಿ ಈ ಬಗ್ಗೆ ಮಾತು ಇಲ್ಲವೆಂದಲ್ಲ. ವಸುಧೇಂದ್ರ ಅವರ ‘ಮೋಹನಸ್ವಾಮಿ’ 2013ರಲ್ಲೇ ಬಂದಿದೆ. ಊರಿನಲ್ಲಿ ಹುಟ್ಟಿ, ಕನ್ನಡದಲ್ಲೇ ನೊಂದು ಬೆಳೆದ ಒಬ್ಬ ಸಲಿಂಗಿಯ ಬದುಕು ಆ ಕಥೆಗಳಲ್ಲಿದೆ. ಆದರೆ ಟ್ರಾವಿಸ್ ಕಾಂಗ್ ಮಾಡಿದಂಥ ಕೆಲಸ, ಹಳ್ಳಿಯ ಹಿರಿಯರ ಬಳಿ ಕೂತು ಹೆಸರು ಕಾಪಾಡಿ ಕಥೆ ಕೇಳುವ ಕೆಲಸ, ನಮ್ಮ ಕಡೆ ಆಗಬೇಕು. ಬೇಗ ಆಗಬೇಕು. ಆ ತಲೆಮಾರು ಹೋಗುತ್ತಿದೆ, ಅವರ ಜೊತೆ ಕಥೆಯೂ ಹೋಗುತ್ತದೆ.

ಇನ್ನು ಇದನ್ನು ಓದುತ್ತಿರುವವರಲ್ಲಿ ಪಾಕ್ ಅಥವಾ ಹೋಯ್ ಥರದವರು ಯಾರಾದರೂ ಇದ್ದರೆ, ಒಂದು ಕೆಲಸದ ಮಾತು. ನೀವು ಸ್ವಂತ ದುಡಿದು ಮಾಡಿದ ಆಸ್ತಿಯನ್ನು ಯಾರ ಹೆಸರಿಗೆ ಬೇಕಾದರೂ ಉಯಿಲು ಬರೆಯಬಹುದು. ಇಬ್ಬರು ಸಾಕ್ಷಿಗಳ ಸಹಿ ಕಡ್ಡಾಯ. ನೋಂದಣಿ ಕಡ್ಡಾಯವಲ್ಲ, ಆದರೆ ಮಾಡಿಸಿಟ್ಟರೆ ಮುಂದೆ ತಕರಾರು ಕಡಿಮೆ. ಬ್ಯಾಂಕಿನ ನಾಮಿನಿ ಕಾಲಂ ಖಾಲಿ ಬಿಡಬೇಡಿ. ನಾಮಿನಿ ಆದವರೇ ಮಾಲೀಕರಾಗುವುದಿಲ್ಲ, ಹಾಗಾಗಿ ಉಯಿಲೂ ಬೇಕು. ಕಾರಣ ಯಾರಿಗೂ ಹೇಳಬೇಕಿಲ್ಲ. ಆ್ಯಂಜಿಯ ಕೈಯಲ್ಲಿ ಅಂಥ ಒಂದು ಕಾಗದ ಇದ್ದಿದ್ದರೆ ಅವಳ ಮನೆ ಅವಳಿಗೆ ಉಳಿಯುತ್ತಿತ್ತು.